ಕಿಂಡಿ ಎಲ್ಲಿದೆ ಅಂತ ಗೊತ್ತಿಲ್ಲದೆ ಬಾಗಿಲು ಹಾಕಿದರೆ

ನೇರವಾಗಿ ಕೇಳುತ್ತೇವೆ. ಮೊಬೈಲ್‌ನಲ್ಲಿ ನಡೆಯುವ ಜೂಜನ್ನು ತಡೆಯೋಕೆ ಕಾಯ್ದೆ ಮಾಡುವ ಶಾಸಕರಿಗೆ, ಸಂಸದರಿಗೆ ಆ ಜೂಜು ಹೇಗೆ ನಡೆಯುತ್ತದೆ ಅಂತ ಗೊತ್ತಿರಬೇಕೋ ಬೇಡವೋ?

‘ಅವರಿಗ್ಯಾಕೆ ಗೊತ್ತಿರಬೇಕು, ಅಧಿಕಾರಿಗಳಿದ್ದಾರೆ, ತಜ್ಞರಿದ್ದಾರೆ, ಇವರು ಕೈ ಎತ್ತಿದರೆ ಸಾಕು’ ಅನ್ನುವವರಿದ್ದಾರೆ. ನಮ್ಮ ವಾದ ಇದಕ್ಕೆ ತಿರುಗುಮುರುಗು. ಗೊತ್ತಿರಲೇಬೇಕು. ಗೊತ್ತಿಲ್ಲದೆ ಮಾಡಿದ ಕಾಯ್ದೆ ಕಳ್ಳನನ್ನು ಬಿಟ್ಟು ಪಕ್ಕದ ಮನೆಯವನನ್ನು ಹಿಡಿಯುತ್ತದೆ. ಅದಕ್ಕೆ ಬೆಲೆ ಕಟ್ಟುವವರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ನಮ್ಮಂಥ ಮನೆಯವರು.

ಅಡ್ಡೆ ಈಗ ಜೇಬಿನಲ್ಲಿದೆ

ನಮ್ಮ ರಾಜ್ಯದಲ್ಲಿ ಜೂಜು ತಡೆಯುವ ಹಳೆಯ ಕಾನೂನು ಅಂದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಅದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಒಂದು ಮನೆ, ಒಂದು ಚಾಪೆ, ಸುತ್ತ ಕೂತ ನಾಲ್ಕು ಜನ, ನಡುವೆ ಇಸ್ಪೀಟು ಎಲೆ, ಪಣಕ್ಕಿಟ್ಟ ದುಡ್ಡು. ಜೂಜಿನ ಮನೆ ನಡೆಸುವವನಿಗೆ ಒಂದು ಶಿಕ್ಷೆ, ಅಲ್ಲಿ ಸಿಕ್ಕವನಿಗೆ ಒಂದು ಶಿಕ್ಷೆ, ಬೀದಿಯಲ್ಲಿ ಆಡಿದವನಿಗೆ ಒಂದು ಶಿಕ್ಷೆ. ಆ ಕಾಲಕ್ಕೆ ಅದು ಸರಿಯಾಗೇ ಇತ್ತು. ತೋಟದ ಮನೆಯ ಹಿಂದೆ, ಜಾತ್ರೆಯ ಮೂಲೆಯಲ್ಲಿ ಅಂದರ್ ಬಾಹರ್ ನಡೆದರೆ ಜೀಪು ಬರುತ್ತಿತ್ತು. ಎಲೆ, ದುಡ್ಡು, ಬೈಕು ವಶವಾಗುತ್ತಿದ್ದವು. ‘ಇಸ್ಪೀಟ್ ಅಡ್ಡೆ ಮೇಲೆ ದಾಳಿ’ ಅಂತ ಮರುದಿನ ಪೇಪರ್‌ನಲ್ಲಿ ನಾಲ್ಕು ಸಾಲು.

ಈಗ ಆ ಚಾಪೆ ಎಲ್ಲಿದೆ? ನೋಡಿ, ಹೇಗೆ ನಡೆಯುತ್ತದೆ ಅಂತ ಹಂತ ಹಂತವಾಗಿ ಹೇಳುತ್ತೇವೆ. ಊರಿನ ಹುಡುಗರಿಗೆ ಇದು ಗೊತ್ತು. ಗೊತ್ತಿಲ್ಲದಿರುವುದು ಅವರ ಅಪ್ಪಂದಿರಿಗೆ, ಅಮ್ಮಂದಿರಿಗೆ ಮತ್ತು ಕಾಯ್ದೆ ಮಾಡುವವರಿಗೆ.

ಮೊದಲಿಗೆ ಒಂದು ‘ಐಡಿ’. ವಾಟ್ಸ್ಆ್ಯಪ್‌ನಲ್ಲೋ ಟೆಲಿಗ್ರಾಂನಲ್ಲೋ ಒಬ್ಬ ಸಿಗುತ್ತಾನೆ. ಅವನು ಬಳಕೆದಾರನ ಹೆಸರು, ಪಾಸ್‌ವರ್ಡ್ ಕೊಡುತ್ತಾನೆ. ಅವನಿಗೆ ದುಡ್ಡು ಹಾಕಿದರೆ ನಿಮ್ಮ ಐಡಿಗೆ ಪಾಯಿಂಟ್ ಬೀಳುತ್ತದೆ. ಆಡುವುದು ಪಾಯಿಂಟ್‌ನಲ್ಲಿ. ಗೆದ್ದರೆ ಪಾಯಿಂಟ್ ಕೊಟ್ಟು ದುಡ್ಡು ತಗೋಬಹುದು ಅಂತ ಮಾತು. ಐಡಿ ಕೊಟ್ಟವನ ಮೇಲೆ ಇನ್ನೊಬ್ಬ ಏಜೆಂಟ್, ಅವನ ಮೇಲೆ ಇನ್ನೊಬ್ಬ. ತುದಿಯಲ್ಲಿ ಕೂತವನು ಯಾವ ದೇಶದಲ್ಲಿದ್ದಾನೋ ಕೆಳಗಿನವನಿಗೆ ಗೊತ್ತಿಲ್ಲ.

ಎರಡನೆಯದು ದುಡ್ಡು ಹೋಗುವ ದಾರಿ. ನೀವು ಸ್ಕ್ಯಾನ್ ಮಾಡಿ ಹಾಕಿದ ದುಡ್ಡು ಜೂಜು ನಡೆಸುವವನ ಖಾತೆಗೆ ನೇರವಾಗಿ ಹೋಗುವುದಿಲ್ಲ. ಯಾವುದೋ ಊರಿನ ಕೂಲಿಯವನ, ಕಾಲೇಜು ಹುಡುಗನ ಹೆಸರಿನ ಖಾತೆಗೆ ಹೋಗುತ್ತದೆ. ‘ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ಮು ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ’ ಅಂತ ಹೇಳಿ ಬಾಡಿಗೆಗೆ ಪಡೆದ ಖಾತೆ ಅದು. ಅಲ್ಲಿಂದ ಕೆಲವೇ ನಿಮಿಷದಲ್ಲಿ ಇನ್ನೊಂದು ಖಾತೆಗೆ, ಅಲ್ಲಿಂದ ಮತ್ತೊಂದಕ್ಕೆ.

ಮೂರನೆಯದು ಜಾಹೀರಾತು. ಕ್ರೀಡಾ ಸುದ್ದಿಯ ವೇಷ, ರೀಲ್ಸ್ ಮಾಡುವವರ ಬಾಯಿ, ಗೆದ್ದವರ ಸ್ಕ್ರೀನ್‌ಶಾಟ್. ಒಂದು ವೆಬ್‌ಸೈಟನ್ನು ಸರ್ಕಾರ ಮುಚ್ಚಿಸಿದರೆ ಅದೇ ಸೈಟು ಹೆಸರಿನ ಕೊನೆಗೆ ಒಂದು ಅಂಕಿ ಸೇರಿಸಿಕೊಂಡು ಮತ್ತೆ ಹುಟ್ಟುತ್ತದೆ. ಪ್ಲೇಸ್ಟೋರ್‌ನಲ್ಲಿ ಸಿಗದ ಆ್ಯಪು ಲಿಂಕ್ ಒತ್ತಿದರೆ ಇಳಿಯುತ್ತದೆ.

ನಾಲ್ಕನೆಯದು ಸಾಲ. ಸೋತವನು ಸುಮ್ಮನೆ ಕೂರುವುದಿಲ್ಲ. ಹೋದದ್ದನ್ನು ಗೆಲ್ಲಬೇಕು ಅಂತ ಮೀಟರ್ ಬಡ್ಡಿಗೆ ಕೈ ಚಾಚುತ್ತಾನೆ. ಖಾಲಿ ಚೆಕ್ಕು, ಸಹಿ ಮಾಡಿದ ಬಾಂಡ್ ಪೇಪರ್ ಕೊಡುತ್ತಾನೆ. ಇಲ್ಲಿಂದ ಮುಂದೆ ಅದು ಮೊಬೈಲ್ ವಿಷಯವಲ್ಲ, ಮನೆ ಬಾಗಿಲಿಗೆ ಬಂದು ನಿಲ್ಲುವ ವಿಷಯ.

2024ರ ಮಾರ್ಚ್‌ನಲ್ಲಿ ಹೊಸದುರ್ಗದಿಂದ ಬಂದ ಸುದ್ದಿ ನೆನಪಿದೆಯಲ್ಲ? ಗಂಡನ ಐಪಿಎಲ್ ಬೆಟ್ಟಿಂಗ್, ಅದಕ್ಕೆ ಮಾಡಿದ ಸಾಲ, ಸಾಲಗಾರರ ಕಿರುಕುಳ. ಕೊನೆಗೆ ಜೀವ ಕಳೆದುಕೊಂಡವಳು ಬೆಟ್ ಕಟ್ಟದ ಹೆಂಡತಿ. ದೇಶದ ದೊಡ್ಡ ಪತ್ರಿಕೆಗಳೆಲ್ಲ ಬರೆದವು. ಆಗ ಹೊಸದುರ್ಗದ ಹೆಸರು ಓದಿದವರು ಈಗ ಮರೆತಿರಬಹುದು. ನಾವು ಮರೆಯುವ ಹಾಗಿಲ್ಲ.

ಇಲ್ಲೊಂದು ಮಾತು ಗಮನಿಸಿ. ಆ ಹೊತ್ತಿಗೆ ಕ್ರಿಕೆಟ್ ಬೆಟ್ಟಿಂಗ್ ನಮ್ಮ ರಾಜ್ಯದಲ್ಲಿ ಅಪರಾಧವೇ ಆಗಿತ್ತು. ಅತಿ ಬಡ್ಡಿ ತಡೆಯುವ ಕಾಯ್ದೆ 2004ರಿಂದಲೇ ಇತ್ತು. ಅಂದರೆ ‘ನಿಷೇಧ’ ಅನ್ನುವ ಪದಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಹಿಡಿತಕ್ಕೆ. ಮನೆ, ಚಾಪೆ, ಎಲೆ ಹುಡುಕುವ ಕಾನೂನಿಗೆ ಪಾಯಿಂಟು, ಐಡಿ, ಬಾಡಿಗೆ ಖಾತೆ ಕಾಣಲಿಲ್ಲ.

ನಾಲ್ಕು ತಿಂಗಳು ಬಾಳಿದ ಕಾಯ್ದೆ

ಹಾಗಾದರೆ ಸರ್ಕಾರ ಸುಮ್ಮನಿತ್ತಾ? ಇಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಆಗಿನ ಗೃಹ ಸಚಿವ ಆರಗ ಜ್ಞಾನೇಂದ್ರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದರು. ಕೆಲವೇ ದಿನಗಳಲ್ಲಿ ಎರಡೂ ಸದನ ಒಪ್ಪಿದವು. ಅಕ್ಟೋಬರ್ 5ಕ್ಕೆ ಜಾರಿಗೂ ಬಂತು. ಆನ್‌ಲೈನ್‌ನಲ್ಲಿ ದುಡ್ಡಿಟ್ಟು ಆಡುವುದೆಲ್ಲ ಅಪರಾಧ, ಅದು ಕೌಶಲದ ಆಟವಾದರೂ ಸರಿ, ಅದೃಷ್ಟದ ಆಟವಾದರೂ ಸರಿ ಅಂತ ಬರೆದರು. 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಲಾಟರಿಗೆ, ರೇಸ್‌ಕೋರ್ಸ್‌ನ ಕುದುರೆ ಬಾಜಿಗೆ ಮಾತ್ರ ವಿನಾಯಿತಿ.

2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಅಸಾಂವಿಧಾನಿಕ ಅಂತ ಹೊಡೆದು ಹಾಕಿತು. ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ, ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಕೊಟ್ಟ ತೀರ್ಪು ಅದು. ಕಾಯ್ದೆ ಬಾಳಿದ್ದು ನಾಲ್ಕು ತಿಂಗಳು ಚಿಲ್ಲರೆ.

ಹೀಗಾಗುತ್ತದೆ ಅಂತ ಮೊದಲೇ ಗೊತ್ತಾಗುತ್ತಿರಲಿಲ್ಲವೇ? ಗೊತ್ತಾಗುತ್ತಿತ್ತು. ಕೌಶಲದ ಆಟ ಬೇರೆ, ಜೂಜು ಬೇರೆ ಅಂತ ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿತ್ತು. ರಮ್ಮಿಯಲ್ಲಿ ಕೌಶಲವೇ ಹೆಚ್ಚು ಅಂತ 1968ರಲ್ಲಿ, ಕುದುರೆ ರೇಸ್ ಬಗ್ಗೆ 1996ರಲ್ಲಿ ಮತ್ತೆ ಹೇಳಿತ್ತು. ಇದೆಲ್ಲ ಹಳೆಯದಾಯಿತು ಅನ್ನಿ. ನಮ್ಮ ಸದನ ಮಸೂದೆ ಒಪ್ಪುವುದಕ್ಕೆ ಎರಡು ತಿಂಗಳೂ ಆಗಿರಲಿಲ್ಲ, 2021ರ ಆಗಸ್ಟ್ 3ರಂದು ಪಕ್ಕದ ತಮಿಳುನಾಡಿನ ಇಂಥದ್ದೇ ಕಾಯ್ದೆಯನ್ನು ಮದ್ರಾಸ್ ಹೈಕೋರ್ಟ್ ಹೊಡೆದು ಹಾಕಿತ್ತು. ಪಕ್ಕದ ಮನೆಯವನು ಬಿದ್ದ ಗುಂಡಿಯನ್ನು ನೋಡಿಯೂ ಅದೇ ದಾರಿಯಲ್ಲಿ ನಡೆದೆವು.

ಜಾರಿಯಲ್ಲಿದ್ದ ಆ ನಾಲ್ಕು ತಿಂಗಳಲ್ಲಿ ಏನಾಯಿತು? ಬೆಂಗಳೂರಿನ ಒಂದು ಠಾಣೆಯಲ್ಲಿ ಡ್ರೀಮ್ ಇಲೆವೆನ್ ಕಂಪನಿಯ ಸ್ಥಾಪಕರ ಮೇಲೆ ಎಫ್ಐಆರ್ ಆಯಿತು. ಆ ಕಂಪನಿ ರಾಜ್ಯದಲ್ಲಿ ಆಟ ನಿಲ್ಲಿಸಿತು. ಆ ಕಂಪನಿಯನ್ನು ನಾವು ಹೊಗಳುತ್ತಿಲ್ಲ. ಆದರೆ ಅದಕ್ಕೊಂದು ಆಫೀಸಿತ್ತು, ಬಾಗಿಲಿಗೆ ಬೋರ್ಡಿತ್ತು, ಮಾಲೀಕರ ಹೆಸರು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಸಿಕ್ಕಿತು. ಬೋರ್ಡೇ ಇಲ್ಲದವನು, ವಾಟ್ಸ್ಆ್ಯಪ್‌ನಲ್ಲಿ ಐಡಿ ಹಂಚುವವನು ಆ ಕಾಯ್ದೆಯನ್ನು ನೋಡಿ ನಕ್ಕಿರಬೇಕು.

ಇನ್ನೂ ಒಂದು. ಸರಿಯಾದ ಕಾಯ್ದೆ ತರೋಕೆ ಅಡ್ಡಿಯಿಲ್ಲ ಅಂತ ಹೈಕೋರ್ಟ್ ಅದೇ ತೀರ್ಪಿನಲ್ಲಿ ಹೇಳಿತ್ತು. ಬಾಜಿ ಮತ್ತು ಜೂಜು ಸಂವಿಧಾನದ ಪ್ರಕಾರ ರಾಜ್ಯದ ಪಟ್ಟಿಯಲ್ಲಿರುವ ವಿಷಯ. ರಾಜ್ಯ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಯಿತು. ಆದರೆ ಕೋರ್ಟು ತೋರಿಸಿದ ದಾರಿಯಲ್ಲಿ ಹೊಸ ಕಾಯ್ದೆ ಬರಲಿಲ್ಲ. ಆ ತೀರ್ಪಿನಿಂದ 2025ರ ಆಗಸ್ಟ್‌ವರೆಗೆ ಮೂರೂವರೆ ವರ್ಷ. ಹೊಸದುರ್ಗದ ಆ ಮನೆಯ ಕಥೆ ಈ ಮೂರೂವರೆ ವರ್ಷದ ಒಳಗೇ ಬರುತ್ತದೆ.

ಸರ್ಕಾರದ ಇನ್ನೊಂದು ಕೈ ಏನು ಮಾಡುತ್ತಿತ್ತು ಗೊತ್ತಾ? 2023ರ ಅಕ್ಟೋಬರ್ 1ರಿಂದ ಆನ್‌ಲೈನ್ ಹಣದ ಆಟಗಳ ಮೇಲೆ ಶೇ 28ರ ಜಿಎಸ್‌ಟಿ ಹಾಕಿತ್ತು. ಆಟಗಾರ ಹಾಕುವ ಪೂರ್ತಿ ಮೊತ್ತದ ಮೇಲೆ. ಇದು ಮನೆ ಹಾಳು ಮಾಡುವ ಚಟ ಅಂತ ಒಂದು ಕೈ ಹೇಳಿದರೆ ಇನ್ನೊಂದು ಕೈ ಅದರಿಂದಲೇ ಖಜಾನೆ ತುಂಬಿಸಿಕೊಳ್ಳುತ್ತಿತ್ತು.

ದಿಲ್ಲಿಯ ಮೂರು ದಿನ

2025ರ ಆಗಸ್ಟ್ 20ರಂದು ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ಲೋಕಸಭೆಯಲ್ಲಿ ಆನ್‌ಲೈನ್ ಗೇಮಿಂಗ್ ಮಸೂದೆ ಮಂಡಿಸಿದರು. ಗದ್ದಲದ ನಡುವೆ ಧ್ವನಿಮತದಿಂದ ಅದೇ ದಿನ ಪಾಸಾಯಿತು. 21ಕ್ಕೆ ರಾಜ್ಯಸಭೆ. 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಕೋಟಿಗಟ್ಟಲೆ ಜನರ ಮೊಬೈಲ್‌ಗೆ ಸಂಬಂಧಿಸಿದ ಕಾಯ್ದೆ ಮೂರು ದಿನದಲ್ಲಿ ಮುಗಿಯಿತು. ಮಸೂದೆಯ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಟ್ಟು ಅಭಿಪ್ರಾಯ ಕೇಳಬೇಕು ಅಂತ ಕೇಂದ್ರ ಸರ್ಕಾರವೇ 2014ರಲ್ಲಿ ಒಂದು ನೀತಿ ಮಾಡಿಕೊಂಡಿದೆ. ಅದು ಕಪಾಟಿನಲ್ಲಿದೆ.

ಈ ಕಾಯ್ದೆಯ ಉದ್ದೇಶ ನಮಗೂ ಬೇಕಾದದ್ದೇ. 45 ಕೋಟಿ ಜನ ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಅಂತ ಸರ್ಕಾರಿ ಮೂಲಗಳು ಆಗ ಅಂದಾಜು ಹೇಳಿದವು. ಕೌಶಲವೋ ಅದೃಷ್ಟವೋ ಅನ್ನುವ ಜಗಳ ಬಿಟ್ಟು ದುಡ್ಡಿಟ್ಟು ಆಡುವ ಆನ್‌ಲೈನ್ ಆಟವನ್ನೆಲ್ಲ ನಿಷೇಧಿಸಿದರು. ನಡೆಸುವವನಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದವನಿಗೆ 2 ವರ್ಷ, 50 ಲಕ್ಷ. ಆಡಿದವನಿಗೆ ಶಿಕ್ಷೆ ಇಲ್ಲ. ಆಡಿ ಸೋತವನನ್ನು ಅಪರಾಧಿ ಅಂತ ನೋಡದೆ ಬಲಿಪಶು ಅಂತ ನೋಡಿದ್ದು ಒಳ್ಳೆಯದು. 2021ರ ನಮ್ಮ ಕಾಯ್ದೆಗಿಂತ ಈ ವಿಷಯದಲ್ಲಿ ಇದು ಮೇಲು.

ಆದರೆ ಮುಂದೆ ನೋಡಿ. ಕಾಯ್ದೆ ಬಂದ ಕೂಡಲೇ ಆಟ ನಿಲ್ಲಿಸಿದವರು ಯಾರು? ಡ್ರೀಮ್ ಇಲೆವೆನ್, ಎಂಪಿಎಲ್, ಝೂಪಿ ಇಂಥವರು. ಮತ್ತೆ ಬೋರ್ಡ್ ಇದ್ದವರೇ. ತೆರಿಗೆ ಕಟ್ಟುತ್ತಿದ್ದವರು, ಗುರುತಿನ ದಾಖಲೆ ಕೇಳುತ್ತಿದ್ದವರು. ಕೆಲವು ಕಂಪನಿಗಳು ಕೋರ್ಟಿಗೂ ಹೋದವು. ಐಡಿ ಹಂಚುವವನು ಕೋರ್ಟಿಗೆ ಹೋಗಲಿಲ್ಲ. ಅವನು ಮೊದಲೂ ಕಾನೂನಿನ ಹೊರಗಿದ್ದ, ಈಗಲೂ ಹೊರಗೇ ಇದ್ದಾನೆ. ಅಂಗಡಿ ಮುಚ್ಚಿದ ಬೀದಿಯಲ್ಲಿ ಗಿರಾಕಿ ಎಲ್ಲಿಗೆ ಹೋಗುತ್ತಾನೆ? ಹಿಂಬಾಗಿಲಿಗೆ.

ಇನ್ನೊಂದು ಸಾಲು ನಮ್ಮ ಹಳ್ಳಿಗಳಿಗೆ ನೇರವಾಗಿ ತಾಗುತ್ತದೆ. ಹಣ ಸಾಗಿಸೋಕೆ ಅನುಕೂಲ ಮಾಡಿಕೊಟ್ಟರೆ ಬ್ಯಾಂಕು, ಹಣಕಾಸು ಸಂಸ್ಥೆ ಮಾತ್ರವಲ್ಲ, ಬೇರೆ ಯಾರೇ ಆದರೂ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಮೀನು ಸುಲಭವಲ್ಲದ ಅಪರಾಧ. ಈಗ ಯೋಚಿಸಿ. ತಿಂಗಳಿಗೆ ಒಂದೆರಡು ಸಾವಿರ ಸಿಗುತ್ತದೆ ಅಂತ ಪಾಸ್‌ಬುಕ್ ಕೊಟ್ಟ ಹುಡುಗ ಈ ‘ಬೇರೆ ಯಾರೇ’ ಒಳಗೆ ಬರುತ್ತಾನೋ ಇಲ್ಲವೋ? ಆ ಸಾಲು ಓದಿದರೆ ಬರುತ್ತಾನೆ. ಪೊಲೀಸರಿಗೆ ಮೊದಲು ಸಿಗುವವನೂ ಅವನೇ, ಏಕೆಂದರೆ ಆಧಾರ್ ಅವನದು, ಮನೆ ವಿಳಾಸ ಅವನದು, ಬ್ಯಾಂಕಿನಲ್ಲಿರುವ ಫೋಟೋ ಅವನದು. ಅವನಿಂದ ಖಾತೆ ಬಾಡಿಗೆಗೆ ಪಡೆದವನ ಹೆಸರು ಅವನಿಗೇ ಗೊತ್ತಿಲ್ಲ.

ಅವನು ತಪ್ಪಿಲ್ಲದವನು ಅಂತ ನಾವು ಹೇಳುತ್ತಿಲ್ಲ. ಆದರೆ ಆನೆ ಹಿಡಿಯೋಕೆ ಹೊರಟವರು ಆನೆಯ ಲದ್ದಿ ಹಿಡಿದುಕೊಂಡು ಬಂದರೆ ‘ಭೇಷ್’ ಅನ್ನಬೇಕಾ?

ತಪ್ಪೇ ಇಲ್ಲದವರೂ ಸಿಕ್ಕಿಕೊಳ್ಳುತ್ತಾರೆ. ವಂಚನೆಯ ದುಡ್ಡು ಕೈಯಿಂದ ಕೈಗೆ ಹೋಗುವಾಗ ಅದರಲ್ಲಿ ಐನೂರು ರೂಪಾಯಿ ಕಿರಾಣಿ ಅಂಗಡಿಯವನ ಸ್ಕ್ಯಾನರ್‌ಗೂ ಬಿದ್ದಿರುತ್ತದೆ. ದೂರದ ಯಾವುದೋ ರಾಜ್ಯದ ಪೊಲೀಸರು ಕೇಳಿದ ಕೂಡಲೇ ಆ ಅಂಗಡಿಯವನ ಖಾತೆಯನ್ನೂ ಬ್ಯಾಂಕು ತಡೆಹಿಡಿಯುತ್ತದೆ. ಇಂಥವು ದೇಶದ ಹಲವು ಕಡೆ ವರದಿಯಾಗಿವೆ. ಅಡಿಕೆ ಮಾರಿದ ದುಡ್ಡು, ಹಾಲಿನ ದುಡ್ಡು ಇರುವ ಖಾತೆ ಹೀಗೆ ಮುಚ್ಚಿಕೊಂಡರೆ ಬಿಡಿಸಿಕೊಳ್ಳೋಕೆ ಯಾರ ಕಾಲು ಹಿಡಿಯಬೇಕು? ಇದನ್ನು ಕಾಯ್ದೆ ಹೇಳಬೇಕಿತ್ತು. ಹೇಳಬೇಕು ಅಂತ ಸದನದಲ್ಲಿ ಎದ್ದು ಕೇಳಬೇಕಾದರೆ ದುಡ್ಡು ಹೇಗೆ ಹರಿಯುತ್ತದೆ ಅಂತ ಒಬ್ಬ ಸದಸ್ಯರಿಗಾದರೂ ಗೊತ್ತಿರಬೇಕು, ಕೇಳೋಕೆ ಸಮಯವೂ ಇರಬೇಕು. ಒಂದೇ ದಿನದಲ್ಲಿ ಎರಡೂ ಆಗಲಿಲ್ಲ.

‘ಎಂಎಲ್ಎ ಎಂಜಿನಿಯರ್ ಆಗಬೇಕಾ?’

ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ: ಬೇಡ.

ನಮ್ಮ ಕಡೆ ಬೋರ್ ಕೊರೆಸದ ರೈತ ಅಪರೂಪ. ಅವನು ಭೂಗರ್ಭ ಶಾಸ್ತ್ರ ಓದಿಲ್ಲ. ರಿಗ್ ಗಾಡಿಯ ಎಂಜಿನ್ ಬಿಚ್ಚೋಕೆ ಬರುವುದಿಲ್ಲ. ಆದರೂ ಗಾಡಿಯವನನ್ನು ಕೇಳುತ್ತಾನೆ. ಅಡಿಗೆ ಎಷ್ಟು? ಕೇಸಿಂಗ್ ಎಷ್ಟು ಅಡಿ ಇಳಿಸುತ್ತೀಯ? ಮೂರು ನೂರು ದಾಟಿದ ಮೇಲೆ ರೇಟು ಏನು? ಪಾಯಿಂಟ್ ತಪ್ಪಿದರೆ ಏನು ಮಾಡುತ್ತೀಯ? ಅಷ್ಟು ಕೇಳದೆ ದುಡ್ಡು ಕೊಟ್ಟವನನ್ನು ಊರೇ ಪೆದ್ದ ಅನ್ನುತ್ತದೆ. ಸ್ವಂತ ದುಡ್ಡಿಗೆ ಇಷ್ಟು ಕೇಳುವ ನಾವು, ನಮ್ಮೆಲ್ಲರ ಪರವಾಗಿ ಕೈ ಎತ್ತುವವರು ಇಷ್ಟಾದರೂ ಕೇಳಲಿ ಅಂತ ಬಯಸುವುದು ಹೆಚ್ಚಾಯಿತೇ?

ಓಬವ್ವನ ಕಿಂಡಿ ನೋಡದವರು ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ? ಆ ತಾಯಿಗೆ ಏಳು ಸುತ್ತಿನ ಕೋಟೆಯನ್ನು ಹೇಗೆ ಕಟ್ಟಿದರು ಅನ್ನುವ ಶಾಸ್ತ್ರ ಗೊತ್ತಿರಬೇಕಿರಲಿಲ್ಲ. ಹೈದರಾಲಿಯ ಸೈನಿಕರು ಎಲ್ಲಿ ತಲೆ ಹಾಕುತ್ತಾರೆ ಅಂತ ಗೊತ್ತಾಯಿತು. ಒನಕೆ ಹಿಡಿದು ಅಲ್ಲೇ ನಿಂತಳು. ದೊಡ್ಡ ಬಾಗಿಲ ಮುಂದೆ ಹೋಗಿ ನಿಂತಿದ್ದರೆ ಅವಳ ಧೈರ್ಯ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಶಾಸಕರಿಂದ ನಾವು ಬಯಸುವ ತಿಳಿವಳಿಕೆ ಇಷ್ಟೇ. ಆ್ಯಪ್ ಬರೆಯೋಕೆ ಬರಬೇಕಿಲ್ಲ, ಕಿಂಡಿ ಎಲ್ಲಿದೆ ಅಂತ ಗೊತ್ತಿರಬೇಕು.

ಮೇಲೆ ಹೇಳಿದ ನಾಲ್ಕು ಹಂತಗಳೇ ನಾಲ್ಕು ಕಿಂಡಿ. ಐಡಿ, ಬಾಡಿಗೆ ಖಾತೆ, ಜಾಹೀರಾತು, ಮೀಟರ್ ಬಡ್ಡಿ. ಇವುಗಳಲ್ಲಿ ಖಾತೆಯ ಕಿಂಡಿಯನ್ನು ಕಾಯಬೇಕಾದದ್ದು ಬ್ಯಾಂಕು. ಕೂಲಿಯವನ ಖಾತೆಗೆ ದಿನಕ್ಕೆ ನೂರಾರು ಕಡೆಯಿಂದ ದುಡ್ಡು ಬಂದು ತಕ್ಷಣ ಖಾಲಿಯಾಗುತ್ತಿದ್ದರೆ ಬ್ಯಾಂಕಿನ ಕಂಪ್ಯೂಟರಿಗೆ ಅದು ಕಾಣುತ್ತದೆ. ನಾವು ಸಾಲಕ್ಕೆ ಹೋದರೆ ಹತ್ತು ವರ್ಷದ ಹಳೆಯ ಬಾಕಿ ಹುಡುಕಿ ತೆಗೆಯುವ ಬ್ಯಾಂಕಿಗೆ ಇದು ಕಾಣುವುದಿಲ್ಲ ಅಂದರೆ ಯಾರು ನಂಬುತ್ತಾರೆ? ಮೀಟರ್ ಬಡ್ಡಿಯ ಕಿಂಡಿ ಕಾಯೋಕೆ ಯಾವ ತಂತ್ರಜ್ಞಾನವೂ ಬೇಡ, ತಾಲ್ಲೂಕಿನ ಠಾಣೆ ಸಾಕು. ಎಲ್ಲಿ ಯಾರು ನಿಲ್ಲಬೇಕು ಅಂತ ಹೇಳುವುದೇ ಕಾಯ್ದೆಯ ಕೆಲಸ.

ತಿಳಿದು ಮಾಡಿದರೆ ಆಗುತ್ತದೆ ಅನ್ನೋದಕ್ಕೂ ನಮ್ಮಲ್ಲೇ ಸಾಕ್ಷಿ ಇದೆ. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ ನೆನಪಿಸಿಕೊಳ್ಳಿ. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಅದನ್ನು ಮಾಡಿದವರಿಗೆ ಕಂಪ್ಯೂಟರ್ ಮಾತ್ರ ಗೊತ್ತಿದ್ದರೆ ಅದು ನಿಲ್ಲುತ್ತಿರಲಿಲ್ಲ. ಪಹಣಿಗೆ ರೈತ ಎಷ್ಟು ಸಲ ಅಲೆಯುತ್ತಾನೆ, ಖಾತೆ ಬದಲಾವಣೆ ಅರ್ಜಿ ಯಾರ ಮೇಜಿನಲ್ಲಿ ಕೊಳೆಯುತ್ತದೆ ಅನ್ನೋದೂ ಗೊತ್ತಿತ್ತು. ಆದ್ದರಿಂದಲೇ ಅರ್ಜಿ ಬಂದ ಸರದಿಯಲ್ಲೇ ತೆಗೆಯಬೇಕು ಅಂತ ಯಂತ್ರದಲ್ಲೇ ಕಟ್ಟಿದರು. ಅಧಿಕಾರಿ ಬೆರಳಚ್ಚು ಒತ್ತಿ ಒಳಗೆ ಹೋಗಬೇಕು ಅಂದರು. ಪಹಣಿಗೆ 15 ರೂಪಾಯಿ ಅಂತ ಗೊತ್ತು ಮಾಡಿದರು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಅಂದರು. ಹೆಸರು ತಪ್ಪು, ವಿಸ್ತೀರ್ಣ ತಪ್ಪು ಅಂತ ಇವತ್ತಿಗೂ ತಿದ್ದುಪಡಿಗೆ ಅಲೆಯುವವರಿದ್ದಾರೆ, ಅದು ನಿಜ. ಆದರೂ ಕಿಂಡಿ ನೋಡಿ ಮಾಡಿದ ಕೆಲಸ ಇಪ್ಪತ್ತೈದು ವರ್ಷ ನಿಂತಿದೆ. ನೋಡದೆ ಮಾಡಿದ ಕಾಯ್ದೆ ನಾಲ್ಕು ತಿಂಗಳು ನಿಂತಿತು.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. 2018ರ ಏಪ್ರಿಲ್‌ನಲ್ಲಿ ಅಮೆರಿಕದ ಸಂಸತ್ತು ಫೇಸ್‌ಬುಕ್ ಮಾಲೀಕ ಮಾರ್ಕ್ ಜುಕರ್‌ಬರ್ಗ್‌ನನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿತು. ಜನ ದುಡ್ಡೇ ಕೊಡದಿದ್ದರೆ ನಿಮ್ಮ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಒಬ್ಬ ಹಿರಿಯ ಸೆನೆಟರ್ ಕೇಳಿದರು. ಜಾಹೀರಾತಿನಿಂದ ಅಂತ ಉತ್ತರ ಬಂತು. ಜಗತ್ತೇ ನಕ್ಕಿತು. ಆದರೆ ಅದೇ ಅಮೆರಿಕದಲ್ಲಿ 1972ರಲ್ಲಿ ಸಂಸದರಿಗೆ ತಂತ್ರಜ್ಞಾನವನ್ನು ಬಿಡಿಸಿ ಹೇಳೋಕೆ ಅಂತಲೇ ಒಂದು ಕಚೇರಿ ಹುಟ್ಟಿತ್ತು. ಖರ್ಚು ಕಡಿಮೆ ಮಾಡುವ ನೆಪದಲ್ಲಿ 1995ರಲ್ಲಿ ಅದನ್ನು ಮುಚ್ಚಿದರು. ಇಂಗ್ಲೆಂಡಿನ ಸಂಸತ್ತಿನಲ್ಲಿ 1989ರಿಂದ ಇಂಥ ಕಚೇರಿ ಇದೆ, ಈಗಲೂ ನಡೆಯುತ್ತಿದೆ. ನಮ್ಮ ವಿಧಾನಸಭೆಗೆ ಇಂಥದ್ದೊಂದು ಯಾಕೆ ಬೇಡ? ತಜ್ಞರಿಗೇನು ಬರವೇ? ಐಐಎಸ್‌ಸಿ ಬೆಂಗಳೂರಿನಲ್ಲಿದೆ. ಅದರ ಇನ್ನೊಂದು ಆವರಣ ನಮ್ಮ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೇ ಇದೆ.

ತಿಳಿದರೆ ಸಾಲದು, ಬಹಿರಂಗವಾಗಿ ತಿಳಿದಿರಬೇಕು

2025ರ ಆಗಸ್ಟ್ 22ರಂದು ಕೇಂದ್ರದ ಕಾಯ್ದೆಗೆ ಅಂಕಿತ ಬಿತ್ತು. ಮರುದಿನ, ಆಗಸ್ಟ್ 23ರಂದು, ಚಿತ್ರದುರ್ಗದ ಶಾಸಕ ಕೆ.ಸಿ. ವೀರೇಂದ್ರ ಅವರನ್ನು ಅಕ್ರಮ ಬೆಟ್ಟಿಂಗ್ ಪ್ರಕರಣದಲ್ಲಿ ಇ.ಡಿ. ಅಧಿಕಾರಿಗಳು ಸಿಕ್ಕಿಂನ ಗ್ಯಾಂಗ್ಟಾಕ್‌ನಲ್ಲಿ ಬಂಧಿಸಿದರು. ಶೋಧದಲ್ಲಿ ಸುಮಾರು 12 ಕೋಟಿ ರೂಪಾಯಿ ನಗದು ಸಿಕ್ಕಿದೆ ಅಂತ ಇ.ಡಿ. ಹೇಳಿತು. ಇದು ಆರೋಪ. ಆರೋಪ ಸಾಬೀತಾಗುವವರೆಗೆ ಯಾರೂ ಅಪರಾಧಿಯಲ್ಲ. ಅದನ್ನು ತೀರ್ಮಾನ ಮಾಡುವುದು ಕೋರ್ಟು, ನಾವಲ್ಲ, ವಾಟ್ಸ್ಆ್ಯಪ್ ಗ್ರೂಪೂ ಅಲ್ಲ. ಹಾಗಾಗಿ ಆ ಮೊಕದ್ದಮೆ ಬಗ್ಗೆ ನಾವು ಇಷ್ಟಕ್ಕೇ ನಿಲ್ಲಿಸುತ್ತೇವೆ.

ಆದರೆ ಯಾವ ಪಕ್ಷದ್ದೇ ಆಗಲಿ, ಯಾವ ಊರಿನದ್ದೇ ಆಗಲಿ, ಎಲ್ಲ ಜನಪ್ರತಿನಿಧಿಗಳಿಗೂ ಅನ್ವಯಿಸುವ ಒಂದು ಪ್ರಶ್ನೆ ಉಳಿಯುತ್ತದೆ. ಒಂದು ವ್ಯಾಪಾರದ ಮೇಲೆ ಕಾಯ್ದೆ ಮಾಡುವಾಗ ಆ ವ್ಯಾಪಾರದಲ್ಲಿ ತನಗೆ, ತನ್ನ ಮನೆಯವರಿಗೆ ಪಾಲಿದೆಯೇ ಅಂತ ಸದಸ್ಯರು ಸದನದಲ್ಲಿ ಎದ್ದು ಹೇಳಬೇಕಲ್ಲವೇ? ಗೇಮಿಂಗ್ ಕಂಪನಿ ಇರಲಿ, ರೇಸ್ ಕುದುರೆ ಇರಲಿ, ಕ್ಯಾಸಿನೊ ಇರಲಿ, ಫೈನಾನ್ಸ್ ಇರಲಿ. ಪಾಲಿದ್ದವರು ಆ ಮಸೂದೆಯ ಮೇಲೆ ಮತ ಹಾಕದೆ ಹೊರಗಿರಬೇಕಲ್ಲವೇ? ನಮ್ಮ ಹಾಲಿನ ಡೇರಿಯ ಸಭೆಯಲ್ಲೇ ಕಾರ್ಯದರ್ಶಿಯ ತಮ್ಮನಿಗೆ ಗುತ್ತಿಗೆ ಕೊಡುವ ಮಾತು ಬಂದರೆ ಜನ ಸುಮ್ಮನಿರುವುದಿಲ್ಲ. ತಿಳಿವಳಿಕೆ ಬೇಕು. ಅದು ಎಲ್ಲರ ಮುಂದೆ ಇಡುವ ತಿಳಿವಳಿಕೆ ಆಗಿರಬೇಕು.

‘ಎಲ್ಲ ಕಲಿತು ಕಾಯ್ದೆ ಮಾಡುವಷ್ಟರಲ್ಲಿ ಇನ್ನಷ್ಟು ಮನೆ ಹಾಳಾಗುತ್ತವೆ’ ಅನ್ನುವವರಿಗೂ ಒಂದು ಮಾತು. ಆತುರದಿಂದ ನಮಗೆ ಸಿಕ್ಕಿದ್ದು ಏನು? ನಾಲ್ಕು ತಿಂಗಳ ಕಾಯ್ದೆ, ಮೂರೂವರೆ ವರ್ಷದ ಖಾಲಿ. ಒಂದು ತಿಂಗಳು ಕೂತು ಕೇಳಿ, ಕಲಿತು, ಕೋರ್ಟಿನಲ್ಲಿ ನಿಲ್ಲುವ ಕಾಯ್ದೆ ಮಾಡಿದ್ದರೆ 2021ರ ಕೊನೆಗೇ ಕೆಲಸ ಮುಗಿಯುತ್ತಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಗಾದೆಯನ್ನು ನಮ್ಮ ಜಿಲ್ಲೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಬೇಡಿಕೆ ಐದು

ಒಂದು. ಮೊಬೈಲ್, ಇಂಟರ್‌ನೆಟ್, ಬ್ಯಾಂಕ್ ಖಾತೆಗೆ ಸಂಬಂಧಿಸಿದ ಯಾವುದೇ ಮಸೂದೆಯ ಕರಡು ಕನ್ನಡದಲ್ಲಿ, ಕನಿಷ್ಠ 30 ದಿನ ಮೊದಲು ಗ್ರಾಮ ಪಂಚಾಯಿತಿಯ ಬೋರ್ಡಿಗೆ ಬರಬೇಕು.

ಎರಡು. ಮತ ಹಾಕುವ ಮುನ್ನ ಸದಸ್ಯರ ಮುಂದೆ ಅದನ್ನು ಆಡಿಸಿ ತೋರಿಸಬೇಕು. ಐಡಿ ಹೇಗೆ ಬರುತ್ತದೆ, ದುಡ್ಡು ಎಷ್ಟು ಖಾತೆ ದಾಟುತ್ತದೆ ಅಂತ ಸೈಬರ್ ಠಾಣೆಯ ಪೊಲೀಸರು, ಬ್ಯಾಂಕಿನವರು, ಸೋತು ಸಾಲಕ್ಕೆ ಬಿದ್ದ ಮನೆಯವರು ಬಂದು ಹೇಳಬೇಕು.

ಮೂರು. ಖಾತೆ ಬಾಡಿಗೆಗೆ ಕೊಟ್ಟ ಹುಡುಗನಿಗೂ ಜಾಲ ನಡೆಸುವವನಿಗೂ ಕಾಯ್ದೆಯಲ್ಲಿ ಬೇರೆ ಬೇರೆ ತೂಕ ಇರಬೇಕು. ಮೊದಲ ಸಲ ಸಿಕ್ಕವನು ಬಾಯಿ ಬಿಟ್ಟು ಮೇಲಿನವನನ್ನು ತೋರಿಸಿದರೆ ಅವನಿಗೊಂದು ದಾರಿ ಇರಬೇಕು.

ನಾಲ್ಕು. ತಪ್ಪಿಲ್ಲದವರ ಖಾತೆ ತಡೆಹಿಡಿದರೆ ಇಷ್ಟು ದಿನದೊಳಗೆ ಬಿಡಬೇಕು, ವಿವಾದದ ಮೊತ್ತ ಬಿಟ್ಟು ಉಳಿದದ್ದನ್ನು ಮುಟ್ಟಬಾರದು ಅಂತ ಬರೆದಿರಬೇಕು.

ಐದು. ಪಾಲಿದ್ದವರು ಹೇಳಿಕೊಳ್ಳಬೇಕು, ಮತದಿಂದ ಹೊರಗಿರಬೇಕು.

ಇನ್ನು ನಿಮಗೊಂದು ಮಾತು. ನಿಮ್ಮ ಶಾಸಕರು ಗುದ್ದಲಿ ಪೂಜೆಗೋ ಮದುವೆಗೋ ಊರಿಗೆ ಬರುತ್ತಾರೆ. ರಸ್ತೆ ಕೇಳಿ, ನೀರು ಕೇಳಿ. ಜೊತೆಗೆ ಇದನ್ನೂ ಕೇಳಿ: ‘ಸಾರ್, ಬೆಟ್ಟಿಂಗ್ ಐಡಿ ಅಂದರೆ ಏನು? ಅದರ ದುಡ್ಡು ಯಾರ ಖಾತೆಗೆ ಹೋಗುತ್ತೆ?’ ಉತ್ತರ ಗೊತ್ತಿದ್ದರೆ ಸಂತೋಷ. ಗೊತ್ತಿಲ್ಲದಿದ್ದರೆ ತಿಳಿದುಕೊಂಡು ಬನ್ನಿ ಅಂತ ಮರ್ಯಾದೆಯಿಂದಲೇ ಹೇಳಿ. ಕೇಳುವುದು ತಪ್ಪಲ್ಲ.

ಕಾಯ್ದೆ ಸರಿಯಾಗುವವರೆಗೆ ನಮ್ಮ ಮನೆ ನಾವೇ ಕಾಯಬೇಕು. ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ಮು ಯಾರಿಗೂ ಬಾಡಿಗೆಗೆ ಕೊಡಬೇಡಿ, ಸ್ವಂತ ಮಾವನ ಮಗ ಕೇಳಿದರೂ ಸರಿ. ಮೋಸದಿಂದ ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡುತ್ತೀರೋ ದುಡ್ಡು ಸಿಗುವ ಸಾಧ್ಯತೆ ಅಷ್ಟು ಹೆಚ್ಚು. ಮನೆಯಲ್ಲಿ ಯಾರಾದರೂ ಸೋತು, ಸಾಲದಲ್ಲಿ ಬಿದ್ದು, ಮಂಕಾಗಿ ಕೂತಿದ್ದರೆ ಬೈಯುವ ಮೊದಲು ಪಕ್ಕದಲ್ಲಿ ಕೂರಿ. 14416 ಟೆಲಿ ಮಾನಸ್, ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡುತ್ತಾರೆ. ಮೊಬೈಲ್ ಆಟದ ಚಟಕ್ಕೆ ನಿಮ್ಹಾನ್ಸ್‌ನಲ್ಲಿ 2014ರಿಂದ ಬೇರೆಯೇ ಒಂದು ಕ್ಲಿನಿಕ್ ಇದೆ.

ಸಾಲದವರು ಬಾಗಿಲಿಗೆ ಬಂದು ಹೆದರಿಸಿದರೆ ಠಾಣೆಗೆ ಹೋಗಿ, ಒಬ್ಬರೇ ಹೋಗಬೇಡಿ, ಊರಿನ ನಾಲ್ಕು ಜನ ಜೊತೆಗೆ ಹೋಗಿ. ಆ ಕಿಂಡಿಯಲ್ಲಿ ನಿಲ್ಲೋಕೆ ನಮಗೆ ಯಾವ ಹೊಸ ಕಾಯ್ದೆಯೂ ಬೇಕಿಲ್ಲ.